ಉಚಿತವೇ ಬೇರೆ, ಸ್ವತಂತ್ರವೇ ಬೇರೆ

(ಸಂಘದ ಮಹಿಳಾ ವಿಭಾಗದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಸ್ವತಂತ್ರ ತಂತ್ರಾಂಶ: ಅರ್ಥ ಮತ್ತು ತತ್ತ್ವ’. ಆಮಂತ್ರಣ ಪತ್ರಿಕೆ ವಾಟ್ಸಾಪ್ ಗುಂಪಿಗೆ ಬಂದ ಮೇಲೆ ಇಬ್ಬರು ಮೂವರು ಫೋನ್ ಮಾಡಿ, “ಅಕ್ಕಾ, ಇದು ಕಂಪ್ಯೂಟರ್ ಕಲಿತವರಿಗೆ ಮಾತ್ರವಾ?” ಎಂದು ಕೇಳಿದರು. ಖಂಡಿತ ಅಲ್ಲ. ನಾನು ಉಪನಗರದ ಕಾಲೇಜೊಂದರಲ್ಲಿ ಬಹಳ ವರ್ಷ ಕಂಪ್ಯೂಟರ್ ಪಾಠ ಮಾಡಿ ನಿವೃತ್ತಳಾದವಳು, ನಿಜ. ಆದರೆ ಇವತ್ತಿನ ಮಾತು ಯಂತ್ರದ ಬಗ್ಗೆ ಅಲ್ಲ, ಹಕ್ಕಿನ ಬಗ್ಗೆ. ನಾವು ಬರೆದದ್ದು, ನಮ್ಮ ಲೆಕ್ಕಪತ್ರ, ನಮ್ಮ ಸಂಘದ ಇತಿಹಾಸ ಇವೆಲ್ಲ ಈಗ ಕಂಪ್ಯೂಟರಿನೊಳಗೆ ಇವೆ. ಅದರ ಕೀಲಿಕೈ ಯಾರ ಕೈಯಲ್ಲಿದೆ? ಇಷ್ಟೇ ನಮ್ಮ ವಿಷಯ.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ರೀ ಸಾಫ್ಟ್‌ವೇರ್’ ಎನ್ನುತ್ತಾರೆ. ಫ್ರೀ ಎಂದ ಕೂಡಲೇ ನಮಗೆ ನೆನಪಾಗುವುದು ಭಾಜಿವಾಲಾ. ನೂರು ರೂಪಾಯಿ ತರಕಾರಿ ಕೊಂಡರೆ ಕೊನೆಗೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸು ಚೀಲಕ್ಕೆ ಹಾಕುತ್ತಾನಲ್ಲ, ಆ ಫ್ರೀ. ಇಂಗ್ಲಿಷಿನಲ್ಲಿ ದುಡ್ಡಿಲ್ಲದೆ ಸಿಗುವುದಕ್ಕೂ ಫ್ರೀ, ಬಂಧನವಿಲ್ಲದ್ದಕ್ಕೂ ಫ್ರೀ. ಆದ್ದರಿಂದ ಅವರು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗುತ್ತದೆ. ನಮಗೆ ಆ ಕಷ್ಟವಿಲ್ಲ. ಕನ್ನಡದಲ್ಲಿ ‘ಉಚಿತ’ ಬೇರೆ, ‘ಸ್ವತಂತ್ರ’ ಬೇರೆ. ಉಚಿತವಾಗಿ ಸಿಕ್ಕಿದ್ದೆಲ್ಲ ಸ್ವತಂತ್ರವಲ್ಲ. ಸ್ವತಂತ್ರವಾದದ್ದು ಯಾವಾಗಲೂ ಉಚಿತವಾಗಿಯೇ ಇರಬೇಕೆಂದೂ ಇಲ್ಲ. ಸ್ವತಂತ್ರ ತಂತ್ರಾಂಶವನ್ನು ಮಾರಬಹುದು, ಅದರಿಂದ ಸಂಪಾದಿಸಬಹುದು. ತತ್ತ್ವ ಇರುವುದು ಬೆಲೆಯಲ್ಲಿ ಅಲ್ಲ.

ಹಾಗಾದರೆ ಎಲ್ಲಿದೆ? ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ‘ಲೀವ್ ಅಂಡ್ ಲೈಸೆನ್ಸ್’ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಹನ್ನೊಂದು ತಿಂಗಳ ಕರಾರು. ಡಿಪಾಸಿಟ್ ಕೊಟ್ಟಿರುತ್ತೇವೆ, ತಿಂಗಳ ಒಂದನೇ ತಾರೀಕಿಗೆ ಬಾಡಿಗೆ ಕೊಡುತ್ತೇವೆ. ಆದರೂ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೆ ಮಾಲಕರನ್ನು ಕೇಳಬೇಕು. ತಂಗಿಯನ್ನು ನಾಲ್ಕು ತಿಂಗಳು ಇರಿಸಿಕೊಳ್ಳಬೇಕಾದರೂ ಕೇಳಬೇಕು. ಅವಧಿ ಮುಗಿದಾಗ ಅವರು ಮುಂದುವರಿಸದಿದ್ದರೆ ಪಾತ್ರೆ ಪಗಡಿ ಕಟ್ಟಿಕೊಂಡು ಹೊರಡಬೇಕು. ನಾವು ಅಂಗಡಿಯಲ್ಲಿ ದುಡ್ಡು ಕೊಟ್ಟು ‘ಕೊಂಡೆವು’ ಎಂದುಕೊಳ್ಳುವ ಬಹುಪಾಲು ತಂತ್ರಾಂಶಗಳ ಕತೆ ಇದೇ. ಕೊಳ್ಳುವುದು ತಂತ್ರಾಂಶವನ್ನಲ್ಲ, ಅದರ ಲೈಸೆನ್ಸನ್ನು. ಶಬ್ದವೂ ಅದೇ ನೋಡಿ! ಕಂಪ್ಯೂಟರಿನಲ್ಲಿ ಉದ್ದದ ಕರಾರು ಬರುತ್ತದೆ, ಓದದೆ ‘ಒಪ್ಪಿದ್ದೇನೆ’ ಒತ್ತುತ್ತೇವೆ. ಇಷ್ಟೇ ಕಂಪ್ಯೂಟರಿಗೆ ಹಾಕಬಹುದು, ಇನ್ನೊಬ್ಬರಿಗೆ ಕೊಡಬಾರದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಾರದು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ.

ಬಿಚ್ಚಿ ನೋಡುವುದು ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸುತ್ತೇನೆ. ಆಟಿ ತಿಂಗಳ ಕಾರ್ಯಕ್ರಮದಲ್ಲಿ ಒಬ್ಬರು ಪತ್ರೊಡೆ ತಂದು ಹಂಚುತ್ತಾರೆ. ತಿಂದು ಖುಷಿಪಟ್ಟೆವು. ಆದರೆ ಪತ್ರೊಡೆ ತಿಂದ ಮಾತ್ರಕ್ಕೆ ಅದನ್ನು ಮಾಡಲು ಬರುವುದಿಲ್ಲ. ಅಕ್ಕಿ ಎಷ್ಟು, ಹುಳಿ ಎಷ್ಟು, ಎಷ್ಟು ಹೊತ್ತು ಬೇಯಿಸಬೇಕು ಎಂಬ ಕ್ರಮ ಗೊತ್ತಾಗಬೇಕು. ತಂತ್ರಾಂಶಕ್ಕೂ ಹೀಗೆ ಒಂದು ಕ್ರಮ ಇರುತ್ತದೆ. ಮನುಷ್ಯರು ಓದಿ ಅರ್ಥಮಾಡಿಕೊಳ್ಳಬಲ್ಲ ಸಾಲುಗಳಲ್ಲಿ ಅದನ್ನು ಬರೆದಿರುತ್ತಾರೆ. ಅದೇ ಸೋರ್ಸ್ ಕೋಡ್, ಕನ್ನಡದಲ್ಲಿ ಮೂಲ ಸಂಕೇತ. ನಮ್ಮ ಕಂಪ್ಯೂಟರಿಗೆ ಬರುವುದು ಬೆಂದ ಪತ್ರೊಡೆ. ಮೂಲ ಸಂಕೇತ ಕಂಪನಿಯ ಕಪಾಟಿನಲ್ಲಿ ಇರುತ್ತದೆ. ಸ್ವತಂತ್ರ ತಂತ್ರಾಂಶದಲ್ಲಿ ಎರಡೂ ನಮಗೆ ದೊರೆಯುತ್ತವೆ.

ಸ್ವತಂತ್ರ ತಂತ್ರಾಂಶದ ತತ್ತ್ವವನ್ನು ನಾಲ್ಕು ಸ್ವಾತಂತ್ರ್ಯಗಳಾಗಿ ಹೇಳುತ್ತಾರೆ. ಇವುಗಳ ಎಣಿಕೆ ಸೊನ್ನೆಯಿಂದ ಶುರು: 0, 1, 2, 3.

ಸೊನ್ನೆಯ ಸ್ವಾತಂತ್ರ್ಯ: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು. ಮನೆಗೆ, ಅಂಗಡಿಗೆ, ಸಂಘಕ್ಕೆ, ಶಾಲೆಗೆ. ಹತ್ತು ಕಂಪ್ಯೂಟರಿಗೆ ಅಥವಾ ನೂರಕ್ಕೆ.

ಒಂದನೆಯದು: ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮೂಲ ಸಂಕೇತ ಓದಿ ತಿಳಿಯಬಹುದು, ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು.

ಎರಡನೆಯದು: ಅದರ ಪ್ರತಿ ಮಾಡಿ ನೆರೆಯವರಿಗೆ ಕೊಡಬಹುದು.

ಮೂರನೆಯದು: ನಾವು ತಿದ್ದಿ ಉತ್ತಮಪಡಿಸಿದ್ದನ್ನು ಸಮಾಜಕ್ಕೆಲ್ಲ ಹಂಚಬಹುದು.

ಈ ನಾಲ್ಕೂ ಇದ್ದರೆ ಮಾತ್ರ ಸ್ವತಂತ್ರ. ಮೂರಿದ್ದು ಒಂದಿಲ್ಲದಿದ್ದರೆ ಅಲ್ಲ.

“ನನಗೆ ಕೋಡ್ ಓದಲು ಬರುವುದಿಲ್ಲವಲ್ಲ, ಈ ಹಕ್ಕಿನಿಂದ ನನಗೇನು?” ಎಂದು ನೀವು ಕೇಳಬಹುದು. ನಮ್ಮ ಹೌಸಿಂಗ್ ಸೊಸೈಟಿಯ ಲೆಕ್ಕಪುಸ್ತಕ ನೋಡುವ ಹಕ್ಕು ಪ್ರತಿ ಸದಸ್ಯರಿಗೂ ಇದೆ. ಎಲ್ಲರೂ ಹೋಗಿ ನೋಡುವುದಿಲ್ಲ, ನೋಡಿದರೂ ಎಲ್ಲರಿಗೆ ಅರ್ಥವಾಗುವುದಿಲ್ಲ. ಆದರೆ ಲೆಕ್ಕ ಬಲ್ಲ ಒಬ್ಬರು ನಮ್ಮ ಪರವಾಗಿ ನೋಡಬಹುದು. ಯಾರಾದರೂ ನೋಡಿಯಾರು ಎಂಬ ಎಚ್ಚರಿಕೆ ಕಮಿಟಿಗೂ ಇರುತ್ತದೆ. ಮೂಲ ಸಂಕೇತ ತೆರೆದಿಡುವುದರ ಪ್ರಯೋಜನವೂ ಹಾಗೆಯೇ. ನನಗೆ ಬಾರದಿದ್ದರೆ ಬರುವವರಿಂದ ಮಾಡಿಸಿಕೊಳ್ಳಬಹುದು. ಒಬ್ಬರೇ ಮಾಲಕರ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ.

ಈ ವಿಚಾರ ಹುಟ್ಟಿದ್ದು ಒಂದು ಪ್ರಿಂಟರಿನಿಂದ ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಎಂಐಟಿ ಎಂಬ ಪ್ರಸಿದ್ಧ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅಲ್ಲಿನ ಲೇಸರ್ ಪ್ರಿಂಟರಿನಲ್ಲಿ ಆಗಾಗ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಗಾದಾಗ ಬಳಸುವವರಿಗೆ ಕಂಪ್ಯೂಟರಿನಲ್ಲೇ ಸುದ್ದಿ ಮುಟ್ಟುವಂತೆ ತಂತ್ರಾಂಶ ತಿದ್ದಲು ಅವರು ಸಿದ್ಧರಿದ್ದರು. ಆದರೆ ಮೂಲ ಸಂಕೇತ ಸಿಗಲಿಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದ ವ್ಯಕ್ತಿಯನ್ನು ಕೇಳಿದರೆ, “ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಬರೆದುಕೊಟ್ಟಿದ್ದೇನೆ” ಎಂಬ ಉತ್ತರ ಬಂತು. ತಿದ್ದಲು ಬಲ್ಲವರಿದ್ದಾರೆ, ತಿದ್ದುವ ಮನಸ್ಸೂ ಇದೆ, ಆದರೆ ಅಪ್ಪಣೆ ಇಲ್ಲ. ಒಬ್ಬರಿಗೊಬ್ಬರು ಸಹಾಯ ಮಾಡುವುದೇ ತಪ್ಪಾಗುವ ಈ ವ್ಯವಸ್ಥೆ ಅವರಿಗೆ ಹಿಡಿಸಲಿಲ್ಲ. 1983ರಲ್ಲಿ ‘ಗ್ನು’ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ ಕಟ್ಟುವುದಾಗಿ ಸಾರಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. 1989ರಲ್ಲಿ ‘ಜಿಪಿಎಲ್’ ಎಂಬ ಪರವಾನಗಿ ಪತ್ರ ಹೊರತಂದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಬರೆದು, ಮರುವರ್ಷ ಅದನ್ನು ಇದೇ ಜಿಪಿಎಲ್ ಅಡಿಯಲ್ಲಿ ಕೊಟ್ಟರು. ಎರಡೂ ಸೇರಿ ಒಂದು ಪೂರ್ತಿ ವ್ಯವಸ್ಥೆಯಾಯಿತು. ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ಇಲ್ಲೂ ಲೈಸೆನ್ಸ್ ಇದೆಯಲ್ಲ ಎಂದೀರಿ. ಇದೆ, ಆದರೆ ಮಾಲಕರ ಹಕ್ಕು ಕಾಯುವುದಕ್ಕಿಂತ ಹೆಚ್ಚಾಗಿ ಬಳಸುವವರ ಹಕ್ಕು ಕಾಯುವುದಕ್ಕೆ. ಜಿಪಿಎಲ್ ಹೇಳುವುದು ಇಷ್ಟು: ತಗೋ, ಬಳಸು, ತಿದ್ದು, ಹಂಚು, ಆದರೆ ತಿದ್ದಿದ್ದನ್ನು ಹಂಚುವಾಗ ನಿನಗೆ ಸಿಕ್ಕಿದ ಹಕ್ಕುಗಳನ್ನು ಮುಂದಿನವರಿಗೂ ಕೊಡು, ಮೂಲ ಸಂಕೇತ ಮುಚ್ಚಿಡಬೇಡ. ಇದು ನಮಗೆ ಹೊಸ ಮಾತೇನಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನಪಿಸಿಕೊಳ್ಳಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಅಲ್ಲಿ ಅಕ್ಷರ ಕಲಿತರು. ಅಲ್ಲಿ ಫೀಸು ಇಲ್ಲದ್ದು ಒಂದು ದೊಡ್ಡ ಉಪಕಾರವೇ. ಅದಕ್ಕಿಂತ ದೊಡ್ಡದೆಂದರೆ, ಕಲಿತ ಅಕ್ಷರಕ್ಕೆ ಯಾರೂ ಷರತ್ತು ಹಾಕಲಿಲ್ಲ. ಕಲಿತವನು ಅದರಿಂದ ಪತ್ರ ಬರೆದ, ಲೆಕ್ಕ ಬರೆದ, ಪರೀಕ್ಷೆ ಪಾಸಾದ, ಬ್ಯಾಂಕಿಗೆ ಸೇರಿದ, ಮುಂದೆ ತಾನೇ ಬಂದು ಕಿರಿಯರಿಗೆ ಕಲಿಸಿದ. ಅಕ್ಷರ ಅವನದ್ದೇ ಆಯಿತು. ಉಚಿತ ಮತ್ತು ಸ್ವತಂತ್ರ ಎರಡೂ ಕೂಡಿದ್ದರಿಂದಲೇ ಆ ಶಾಲೆಗಳು ಸಂಘಗಳನ್ನು ಕಟ್ಟುವ ಜನರನ್ನು ಕೊಟ್ಟವು.

ಕಂಪ್ಯೂಟರಿಗೆ ಕನ್ನಡ ಬಂದ ಕತೆಯಲ್ಲೂ ಮುಂಬಯಿಗೆ ಒಂದು ಪಾಲಿದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಬಲ್ಲವರು, ಇಲ್ಲಿಯ ಟಾಟಾ ಪ್ರೆಸ್‌ನಲ್ಲಿ ದುಡಿದವರು. ಮುದ್ರಣದ ಒಳಹೊರಗು ತಿಳಿದ ಅವರು ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶ ರೂಪಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನೇ ಅದಕ್ಕಿಟ್ಟರು. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸ ಅವರದು. ಅದನ್ನು ತನ್ನ ಸ್ವತ್ತೆಂದು ಕಟ್ಟಿಹಾಕದೆ ಜನರ ಬಳಕೆಗೆ ಬಿಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬಂದದ್ದು, ಕರ್ನಾಟಕ ಸರಕಾರ ಒಪ್ಪಿದ್ದು ಆ ವಿನ್ಯಾಸದ ದಾರಿಯನ್ನೇ. ಒಂದು ಒಳ್ಳೆಯ ವಿಚಾರವನ್ನು ಬೀಗವಿಲ್ಲದೆ ಬಿಟ್ಟರೆ ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನಮ್ಮವರದೇ ಉದಾಹರಣೆ ಇದು.

ಈಗ ಬೀಗ ಹಾಕಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮದೇ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಮಹಿಳಾ ವಿಭಾಗದಲ್ಲಿ ನಾವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ಹಿರಿಯ ಸದಸ್ಯೆಯೊಬ್ಬರಿದ್ದರು. ಮದುವೆಯಾಗಿ ಮುಂಬಯಿಗೆ ಬಂದದ್ದು, ಚಾಳಿನ ಒಂದೇ ಖೋಲಿಯಲ್ಲಿ ಒಂಬತ್ತು ಮಂದಿ ಇದ್ದದ್ದು, ನಸುಕಿನ ನಾಲ್ಕಕ್ಕೆ ನಳದ ಮುಂದೆ ಸಾಲು ನಿಂತದ್ದು, ಊರಿಗೆ ಹೋಗುವವರ ಕೈಯಲ್ಲಿ ತಾಯಿಗೆ ಸೀರೆ ಕಳಿಸಿದ್ದು, ಇದನ್ನೆಲ್ಲ ಅವರು ಒಂದು ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟಿದ್ದರು. ಬರೆದದ್ದು ನಲುವತ್ತು ಹಾಳೆ, ಜಾಗವಿಲ್ಲದೆ ಅಚ್ಚಾದದ್ದು ಎರಡು ಪುಟ. ಪೂರ್ತಿ ಬರಹವನ್ನು ಟೈಪ್ ಮಾಡಿಸಿ ಸಿ.ಡಿ.ಯಲ್ಲಿ ಇರಿಸಿದ್ದರು. ಕೈಬರಹದ ಹಾಳೆಗಳು 2005ರ ಜುಲೈ 26ರ ನೆರೆಯಲ್ಲಿ ಅವರ ನೆಲಮಹಡಿಯ ಮನೆಯ ಜೊತೆಗೇ ನೆನೆದು ಹೋದವು. ಅವರು ತೀರಿಕೊಂಡ ಮೇಲೆ ಮಗಳು ಬಂದು, “ಅಮ್ಮ ಬರೆದದ್ದು ನಿಮ್ಮಲ್ಲಿ ಇದೆಯಂತೆ, ಕೊಡಿ” ಎಂದು ಕೇಳಿದರು.

ಸಿ.ಡಿ. ಸಿಕ್ಕಿತು, ಫೈಲೂ ಇತ್ತು. ಆದರೆ ತೆರೆಯಲಿಲ್ಲ. ಪುಟ ಜೋಡಿಸಲು ಬಳಸಿದ್ದ ತಂತ್ರಾಂಶವನ್ನು ಅದರ ಕಂಪನಿ ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಈಗಿನ ಕಂಪ್ಯೂಟರಿನಲ್ಲಿ ಅದು ಕೂರುವುದೇ ಇಲ್ಲ. ಇದು ಮೊದಲ ಬೀಗ. ಎರಡನೆಯದು ಅಕ್ಷರದ್ದು. ಕನ್ನಡಕ್ಕೆ 1991ರಲ್ಲೇ ಯುನಿಕೋಡ್‌ನಲ್ಲಿ ಸ್ಥಾನ ಸಿಕ್ಕಿತ್ತು. ಯುನಿಕೋಡ್ ಎಂದರೆ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳೂ ಒಪ್ಪಿದ ಒಂದು ಕ್ರಮಸಂಖ್ಯೆ. ಆದರೆ ಅಚ್ಚಿನ ಕೆಲಸದಲ್ಲಿ ಬಹಳ ಕಾಲ ಬೇರೆ ಉಪಾಯ ನಡೆಯುತ್ತಿತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟು. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಅರ್ಥವಿಲ್ಲದ ಅಕ್ಷರಗಳ ಸಂತೆ. ದೊಡ್ಡಮ್ಮನ ನಲುವತ್ತು ಹಾಳೆ ಹೀಗೆ ನಮ್ಮ ಕೈಯಲ್ಲೇ ಇದ್ದು ನಮಗೆ ಓದಲಾಗದೆ ಹೋಯಿತು. ಆ ಫಾಂಟು ನಮಗೆ ಉಚಿತವಾಗಿ ಬಂದದ್ದು ಎಂಬುದನ್ನು ಗಮನಿಸಿ. ಉಚಿತ ಎಂಬುದು ನಮ್ಮನ್ನು ಕಾಪಾಡಲಿಲ್ಲ.

ಬಿಡಿಸಿದ್ದು ಸ್ವತಂತ್ರ ತಂತ್ರಾಂಶ. ಹಳೆಯ, ನಿಂತುಹೋದ ತಂತ್ರಾಂಶಗಳ ಫೈಲುಗಳನ್ನು ತೆರೆಯುವ ಉಪಕರಣ ಮಾಡುವುದಕ್ಕೆಂದೇ 2014ರಲ್ಲಿ ‘ಡಾಕ್ಯುಮೆಂಟ್ ಲಿಬರೇಶನ್ ಪ್ರಾಜೆಕ್ಟ್’ ಎಂಬುದು ಶುರುವಾಯಿತು. ಹೆಸರೇ ಹೇಳುವಂತೆ ಅದು ದಾಖಲೆಗಳ ಬಿಡುಗಡೆಯ ಕೆಲಸ. ಅವರ ಶ್ರಮ ‘ಲಿಬ್ರೆ ಆಫೀಸ್’ ಎಂಬ ಸ್ವತಂತ್ರ ತಂತ್ರಾಂಶದೊಳಗೆ ಸೇರಿದೆ. ಅದರಲ್ಲಿ ನಮ್ಮ ಫೈಲ್ ತೆರೆಯಿತು. ಮೊದಲ ಬೀಗ ಕಳಚಿತು. ಎರಡನೆಯದಕ್ಕೆ, ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕ ಬೇಕಿತ್ತು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಅಂಥದೊಂದನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದರಿಂದ ಬಹುಪಾಲು ಕೆಲಸ ಆಯಿತು. ಅಲ್ಲಲ್ಲಿ ಒತ್ತಕ್ಷರ, ರೇಫೆ ಕೆಟ್ಟದ್ದನ್ನು ನಾವು ಮೂವರು ಕುಳಿತು ಒಂದು ವಾರ ತಿದ್ದಿದೆವು. ಮಗಳಿಗೆ ತಾಯಿಯ ಮಾತು ಸಿಕ್ಕಿತು. ಆ ಉಪಕರಣ ಬರೆದವರಿಗೆ ದೊಡ್ಡಮ್ಮ ಯಾರೆಂದು ಗೊತ್ತಿಲ್ಲ. ನಾವು ಅವರ ಅನುಮತಿ ಕೇಳಬೇಕಾಗಿಯೂ ಬರಲಿಲ್ಲ. ಅನುಮತಿಯನ್ನು ಅವರು ಮೊದಲೇ ಎಲ್ಲರಿಗೂ ಕೊಟ್ಟಿದ್ದರು.

ಲಿಬ್ರೆ ಆಫೀಸ್‌ನ ಹುಟ್ಟೂ ಈ ಸ್ವಾತಂತ್ರ್ಯದ ಪಾಠವೇ. ಮೊದಲು ‘ಓಪನ್ ಆಫೀಸ್’ ಎಂಬುದಿತ್ತು, ಸನ್ ಎಂಬ ಕಂಪನಿ ಅದನ್ನು ನೋಡಿಕೊಳ್ಳುತ್ತಿತ್ತು. 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಕೊಂಡಿತು. ಮುಂದೇನಾಗುವುದೋ ಎಂಬ ಚಿಂತೆಯಲ್ಲಿ, ಅದಕ್ಕಾಗಿ ದುಡಿಯುತ್ತಿದ್ದ ಬಹಳ ಜನ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಬಂದು, ಮೂಲ ಸಂಕೇತದ ಪ್ರತಿ ತೆಗೆದುಕೊಂಡು ಲಿಬ್ರೆ ಆಫೀಸ್ ಆರಂಭಿಸಿದರು. ಮುಂಬಯಿಯ ಸಂಘಗಳಲ್ಲಿ ಇಂಥದ್ದು ನಾವು ನೋಡದ್ದಲ್ಲ! ಆದರೆ ಒಂದು ವ್ಯತ್ಯಾಸ ಇದೆ. ಸಂಘ ಒಡೆದಾಗ ದಫ್ತರ ಯಾರ ಬಳಿ, ಬ್ಯಾಂಕ್ ಖಾತೆ ಯಾರ ಬಳಿ ಎಂದು ಜಗಳವಾಗುತ್ತದೆ. ಇಲ್ಲಿ ದಫ್ತರ ಎಲ್ಲರ ಬಳಿಯೂ ಇತ್ತು. ಬಳಸುವವರ ಕೆಲಸ ಒಂದು ದಿನವೂ ನಿಲ್ಲಲಿಲ್ಲ.

ಊರ ಕಡೆಗೂ ಒಮ್ಮೆ ನೋಡೋಣ. ನಮ್ಮಲ್ಲಿ ಕಾಸರಗೋಡು, ಮಂಜೇಶ್ವರದ ಕಡೆಯವರು ಅನೇಕರಿದ್ದೀರಿ. ಕೇರಳ ಸರಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ತಂದಿತು. ಈಗ ಅದು ‘ಕೈಟ್’ ಎಂಬ ಸಂಸ್ಥೆ. ಅಲ್ಲಿನ ಸರಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣ ನಡೆಯುವುದು ಲಿನಕ್ಸ್ ಮತ್ತು ಸ್ವತಂತ್ರ ತಂತ್ರಾಂಶಗಳಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲೇ ಇದೆ. ಗಡಿಯಾಚೆ ಉಳಿದ ಅಲ್ಪಸಂಖ್ಯಾತ ಕನ್ನಡದ ಮಗು ಶಾಲೆಯಲ್ಲಿ ಕಲಿತದ್ದನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ಅಕ್ಕನಿಗೂ ಪಕ್ಕದ ಮನೆಗೂ ಕೊಡಬಹುದು. ಎಲ್ಲೂ ಕಳ್ಳಪ್ರತಿ ಮಾಡಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಕಂಪ್ಯೂಟರುಗಳಲ್ಲಿ ಕಳ್ಳಪ್ರತಿಗಳೇ ಇವೆ. “ಎಲ್ಲರೂ ಮಾಡುತ್ತಾರೆ” ಎನ್ನುತ್ತೇವೆ. ಕಳ್ಳಪ್ರತಿಗೆ ಬೆಲೆ ಇಲ್ಲದಿರಬಹುದು, ಸ್ವಾತಂತ್ರ್ಯವಂತೂ ಇಲ್ಲವೇ ಇಲ್ಲ. ಮಕ್ಕಳಿಗೆ ಹಂಚಿ ತಿನ್ನು ಎಂದು ಕಲಿಸುತ್ತೇವೆ. ಹಂಚುವುದು ಅಪರಾಧವಾಗದ ತಂತ್ರಾಂಶವನ್ನೇ ಅವರ ಕೈಗೆ ಕೊಡುವುದು ಒಳ್ಳೆಯದಲ್ಲವೇ?

ಇದು ಮಹಿಳೆಯರ ವೇದಿಕೆ. ಈ ಚಳವಳಿಯ ಇಬ್ಬರು ಮಹಿಳೆಯರನ್ನಾದರೂ ನೆನೆಯದೆ ಹೋಗಲಾರೆ. ‘ಓಪನ್ ಸೋರ್ಸ್’ ಎಂಬ ಮಾತು ನೀವು ಕೇಳಿರುತ್ತೀರಿ. 1998ರಲ್ಲಿ ಆ ಹೆಸರು ಸೂಚಿಸಿದ್ದು ಕ್ರಿಸ್ಟೀನ್ ಪೀಟರ್ಸನ್ ಎಂಬ ಮಹಿಳೆ. ತಂತ್ರಾಂಶಗಳು ಹೆಚ್ಚುಕಡಿಮೆ ಅವೇ. ಆದರೆ ಓಪನ್ ಸೋರ್ಸ್ ಎನ್ನುವವರು ಒಟ್ಟಾಗಿ ಕಟ್ಟಿದರೆ ತಂತ್ರಾಂಶ ಚೆನ್ನಾಗುತ್ತದೆ ಎಂದು ಒತ್ತಿ ಹೇಳುತ್ತಾರೆ, ಸ್ವತಂತ್ರ ತಂತ್ರಾಂಶ ಎನ್ನುವವರು ಅದು ಬಳಸುವವರ ಹಕ್ಕು ಎನ್ನುತ್ತಾರೆ. ಇನ್ನೊಬ್ಬರು ಕ್ಯಾರನ್ ಸ್ಯಾಂಡ್ಲರ್, ಅಮೆರಿಕದ ವಕೀಲೆ. ಅವರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಎದೆಬಡಿತ ಅಪಾಯಕ್ಕೆ ಹೋದರೆ ಶಾಕ್ ಕೊಟ್ಟು ಬದುಕಿಸುವ ಪುಟ್ಟ ಯಂತ್ರವನ್ನು ಮೈಯೊಳಗೆ ಇರಿಸಬೇಕಾಯಿತು. “ಇದರಲ್ಲಿರುವ ತಂತ್ರಾಂಶದ ಮೂಲ ಸಂಕೇತ ನೋಡಬಹುದೇ?” ಎಂದು ಕೇಳಿದರು. ತಯಾರಕರು ತೋರಿಸಲಿಲ್ಲ. ಮುಂದೆ ಅವರು ಗರ್ಭಿಣಿಯಾದಾಗ, ಆ ಸ್ಥಿತಿಯಲ್ಲಿ ಸಹಜವಾದ ಎದೆಬಡಿತದ ಏರಿಳಿತವನ್ನು ಯಂತ್ರ ಅಪಾಯವೆಂದು ತಿಳಿದು ಬೇಡದ ಶಾಕ್ ಕೊಟ್ಟಿತು. ಗರ್ಭಿಣಿಯ ಹೃದಯ ಹೇಗಿರುತ್ತದೆ ಎಂಬುದು ಆ ತಂತ್ರಾಂಶದ ಲೆಕ್ಕದಲ್ಲಿ ಇರಲಿಲ್ಲ. ತನ್ನ ಎದೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಹಕ್ಕು ತನಗಿಲ್ಲವೇ ಎಂದು ಅವರು ಲೋಕವನ್ನು ಕೇಳುತ್ತಲೇ ಇದ್ದಾರೆ. ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ನಮ್ಮೆಲ್ಲರ ಮನೆಗಳಲ್ಲಿ ಇದ್ದಾರೆ. ಇದು ದೂರದ ಪ್ರಶ್ನೆ ಅಲ್ಲ.

ತಂತ್ರಾಂಶ ಬರೆಯುವ ಕಡೆ ಮಹಿಳೆಯರು ಕಡಿಮೆ ಎಂಬುದೂ ಇದಕ್ಕೆ ಸೇರಿದ ಮಾತು. ಬೇಸಗೆಯಲ್ಲಿ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಸ್ವತಂತ್ರ ತಂತ್ರಾಂಶದ ಕೆಲಸ ಮಾಡಿಸುವ ಒಂದು ಯೋಜನೆ ಇದೆ. 2006ರಲ್ಲಿ ಅದರಡಿ ‘ಗ್ನೋಮ್’ ಎಂಬ ತಂಡಕ್ಕೆ 181 ಅರ್ಜಿ ಬಂದವು. ಒಂದೂ ಮಹಿಳೆಯದ್ದಲ್ಲ. ಅದನ್ನು ಕಂಡು ಅವರು ಮಹಿಳೆಯರಿಗಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿದರು. ಅದು ‘ಔಟ್‌ರೀಚಿ’ ಎಂಬ ಹೆಸರಿನಲ್ಲಿ ಬೆಳೆದಿದೆ, ನಮ್ಮ ದೇಶದ ಅನೇಕ ಹುಡುಗಿಯರು ಅದರಲ್ಲಿ ಕೆಲಸ ಕಲಿತಿದ್ದಾರೆ. ಇಂಜಿನಿಯರಿಂಗ್ ಓದುವ ಮಗಳು, ಸೊಸೆ, ಮೊಮ್ಮಗಳು ಇದ್ದರೆ ಈ ಹೆಸರನ್ನು ಅವರ ಕಿವಿಗೆ ಹಾಕಿ.

ಇಷ್ಟು ಹೇಳಿ ಸ್ವತಂತ್ರ ತಂತ್ರಾಂಶಕ್ಕೆ ಕುಂದೇ ಇಲ್ಲ ಎಂದರೆ ಸುಳ್ಳಾದೀತು. ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ನೋಡುತ್ತಾರೆ ಎಂದಲ್ಲ. ಬ್ಯಾಂಕು, ಅಂಗಡಿಗಳ ಜಾಲತಾಣಗಳ ಗುಟ್ಟು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ಸ್ವತಂತ್ರ ತಂತ್ರಾಂಶದಲ್ಲಿ 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ದೋಷ ಕಂಡುಬಂತು. ಲೋಕವೆಲ್ಲ ನೆಚ್ಚಿದ್ದ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ಬಳಸುವ ದೊಡ್ಡ ಕಂಪನಿಗಳು ನೆರವು ಕೊಡಲು ಮುಂದೆ ಬಂದದ್ದು ಆಮೇಲೆ. ಸಂಘದ ಸಭಾಗೃಹ ಎಲ್ಲರಿಗೂ ಬೇಕು, ಗುಡಿಸುವವರು ಇಬ್ಬರೇ ಎಂಬಂತೆ. ಸ್ವಾತಂತ್ರ್ಯ ಪುಕ್ಕಟೆಯಾಗಿ ಉಳಿಯುವುದಿಲ್ಲ. ಇದಕ್ಕಾಗಿಯೇ ನಾನು ಹೇಳುವುದು: ಬಳಸಿ, ಸಾಧ್ಯವಾದಾಗ ದೇಣಿಗೆಯನ್ನೂ ಕೊಡಿ. ದುಡ್ಡಿಲ್ಲದಿದ್ದರೆ ಕನ್ನಡ ಅನುವಾದ ತಿದ್ದಿಕೊಡಿ. ನಿಮ್ಮ ಕನ್ನಡ ಜ್ಞಾನ ಅಲ್ಲಿ ದುಡ್ಡಿಗಿಂತ ಹೆಚ್ಚು ಬೇಕಾಗಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದು ಸ್ವತಂತ್ರ ತಂತ್ರಾಂಶದ ಮೇಲೆ. ಅಲ್ಲಿ ನಮ್ಮ ಊರು, ನಮ್ಮ ಅಡುಗೆ, ನಮ್ಮ ಲೇಖಕಿಯರ ಬಗ್ಗೆ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕೊನೆಯದಾಗಿ, ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸ.

ಮನೆಯ ಕಂಪ್ಯೂಟರಿನಲ್ಲಿ ವಿಎಲ್‌ಸಿ, ಕಿತ್ತಳೆ ಬಣ್ಣದ ಕೋನಿನ ಚಿತ್ರ ಇರುವುದು, ಬಹಳ ಜನ ಈಗಾಗಲೇ ಬಳಸುತ್ತಿದ್ದೀರಿ. ಅದು ಸ್ವತಂತ್ರ ತಂತ್ರಾಂಶ. ಫೈರ್‌ಫಾಕ್ಸ್ ಕೂಡ. ಅದರ ಜೊತೆಗೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ, ಪತ್ರಕ್ಕೂ ಲೆಕ್ಕಕ್ಕೂ ಸಾಕು. ಫೋನಿನಲ್ಲಿ ಕನ್ನಡ ಬರೆಯಲು ‘ಇಂಡಿಕ್ ಕೀಬೋರ್ಡ್’ ಇದೆ. ಆಮಂತ್ರಣ ಪತ್ರಿಕೆಗೆ ಚಂದದ ಅಕ್ಷರ ಬೇಕೆಂದರೆ ‘ಬಲೂ ತಮ್ಮ’ ಎಂಬ ಮುಕ್ತ ಕನ್ನಡ ಫಾಂಟ್ ನೋಡಿ. ಅದನ್ನು ರೂಪಿಸಿದ ‘ಏಕ್ ಟೈಪ್’ ಇರುವುದು ನಮ್ಮ ಮುಂಬಯಿಯಲ್ಲೇ.

ಕಲಿಸುವವರು ಯಾರು ಎಂಬ ಚಿಂತೆ ಬೇಡ. ಪೊವಾಯಿಯ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಹತ್ತು ಹತ್ತು ನಿಮಿಷದ ಪಾಠಗಳಿವೆ; ಕನ್ನಡದಲ್ಲೂ ಇವೆ. ಇಲಿ ಹಿಡಿಯಲು ಕೈ ನಡುಗುವವರೂ ನಿಲ್ಲಿಸಿ, ಮತ್ತೆ ಕೇಳಿ, ನಿಧಾನವಾಗಿ ಕಲಿಯಬಹುದು. ಕಂಪ್ಯೂಟರಿನ ಇಲಿಯ ಮಾತು ಹೇಳುತ್ತಿದ್ದೇನೆ, ಹೆದರಬೇಡಿ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು ಎಂದು ಹಳೆಯ ಕಂಪ್ಯೂಟರನ್ನು ಭಂಗಾರದವನಿಗೆ ಕೊಡುವ ಮುಂಚೆ ಒಮ್ಮೆ ಯೋಚಿಸಿ. ಅದಕ್ಕೆ ಲಿನಕ್ಸ್ ಹಾಕಿದರೆ ಅನೇಕ ಸಲ ಇನ್ನೂ ಕೆಲವು ವರ್ಷ ನಡೆಯುತ್ತದೆ. ಮೊಮ್ಮಗುವಿನ ಓದಿಗೆ, ನಿಮ್ಮ ಬರವಣಿಗೆಗೆ ಧಾರಾಳ ಸಾಕು.

ಸಂಘದ ಪದಾಧಿಕಾರಿಗಳಲ್ಲಿ ನನ್ನದು ಒಂದೇ ವಿನಂತಿ. ಇನ್ನು ಮುಂದೆ ನಮ್ಮ ಸಭೆಯ ನಡಾವಳಿ, ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆಯ ಲೇಖನ ಎಲ್ಲವೂ ಯುನಿಕೋಡ್ ಕನ್ನಡದಲ್ಲಿ, ಯಾವ ತಂತ್ರಾಂಶದಲ್ಲೂ ತೆರೆಯಬಲ್ಲ ಮುಕ್ತ ರೂಪದಲ್ಲಿ ಇರಲಿ ಎಂದು ಮುಂದಿನ ಸಭೆಯಲ್ಲಿ ನಿರ್ಣಯ ಮಾಡಿ. ಓಡಿಟಿ ಎಂಬ ರೂಪ ಅಂಥದು. ಅದರ ಪ್ರತಿ ಕನಿಷ್ಠ ಮೂರು ಕಡೆ ಇರಲಿ. ಹಳೆಯ ಸಿ.ಡಿ.ಗಳು ಇನ್ನೂ ಹನ್ನೆರಡು ಇವೆ. ಅವುಗಳಲ್ಲಿ ಯಾರ ಯಾರ ಬರಹ ಇದೆಯೋ! ಸಿ.ಡಿ.ಗೂ ಆಯುಷ್ಯ ಇದೆ, ತಡ ಮಾಡಿದಷ್ಟೂ ಕಷ್ಟ. ತಿಂಗಳಿಗೆ ಎರಡು ಶನಿವಾರ ಸಂಜೆ ನಾನು ಬಂದು ಕುಳಿತುಕೊಳ್ಳುತ್ತೇನೆ. ಟೈಪ್ ಬಾರದಿದ್ದರೂ ಪರವಾಗಿಲ್ಲ, ಕನ್ನಡ ಓದಿ ತಪ್ಪು ಗುರುತಿಸಬಲ್ಲ ನಾಲ್ಕು ಮಂದಿ ಅಕ್ಕಂದಿರು ಜೊತೆಗೆ ಬನ್ನಿ. ಹೆಸರು ಕೊಡುವವರು ಚಹಾ ಆದ ಮೇಲೆ ನನ್ನನ್ನು ಕಾಣಿ.